ಪಕ್ಕದ ಸೀಟಿನ ನಡುಕ

ಲಿಂದಾನಿ ಸತ್ತದ್ದು ಟ್ಯಾಕ್ಸಿಯಲ್ಲಿ. ಆದ್ದರಿಂದ ಅವನನ್ನು ಮನೆಗೆ ಕರೆತರಲು ಟ್ಯಾಕ್ಸಿ ಕೂಡದು ಎಂದು ಅವನ ತಾಯಿ ಹಟ ಹಿಡಿದು ಕೂತಳು.

ಹೆಣ ಆಗಲೇ ಬಂದಿತ್ತು. ಗ್ರೇಟೌನಿನ ಗುಡ್ಡದ ಮೇಲೆ ಮಣ್ಣೂ ಆಗಿತ್ತು. ಊರೆಲ್ಲ ಬಂದು ಅತ್ತು, ಉಂಡು, ಸಾರಿಗೆ ಉಪ್ಪು ಕಡಿಮೆ ಎಂದು ಆಡಿಕೊಂಡು ಹೋಗಿಯೂ ಆಗಿತ್ತು. ಇನ್ನು ಬರಬೇಕಾಗಿದ್ದವನು ಲಿಂದಾನಿ. ರಸ್ತೆಯಲ್ಲಿ ಸತ್ತವನು ತಾನಾಗಿ ಮನೆ ಸೇರುವುದಿಲ್ಲ. ಬಿದ್ದ ಜಾಗದಲ್ಲೇ ದಿಕ್ಕು ತೋಚದೆ ನಿಂತಿರುತ್ತಾನೆ. ಮನೆಯವರು ಮುಳ್ಳೆಲಚಿಯ ಟೊಂಗೆ ಹಿಡಿದು ಅಲ್ಲಿಗೆ ಹೋಗಿ, ಕರೆದು, ಪಕ್ಕದಲ್ಲಿ ಕೂರಿಸಿಕೊಂಡು ತರಬೇಕು. ಟೊಂಗೆ ಹಿಡಿದವರು ದಾರಿಯುದ್ದಕ್ಕೂ ಅವನೊಬ್ಬನ ಜೊತೆ ಮಾತ್ರ ಮಾತಾಡಬೇಕು. ತಿರುವು ಬಂದರೆ ತಿರುವು, ನದಿ ಬಂದರೆ ನದಿ ಎಂದು ಹೇಳುತ್ತಿರಬೇಕು, ಇಲ್ಲದಿದ್ದರೆ ಅವನು ಅಲ್ಲೇ ಹಿಂದುಳಿಯುತ್ತಾನೆ. ಜನ ಇದನ್ನೆಲ್ಲ ಟ್ಯಾಕ್ಸಿಯಲ್ಲೇ ಮಾಡುತ್ತಾರೆ. ಹದಿನೈದು ಮಂದಿ ತುಂಬಿದ ವ್ಯಾನಿನಲ್ಲಿ ಸತ್ತವನಿಗೂ ಒಂದು ಸೀಟು ಬಿಟ್ಟು, ಅವನ ಬಾಡಿಗೆಯನ್ನೂ ಕೊಡುತ್ತಾರೆ. ಯಾವ ಡ್ರೈವರೂ ಅದಕ್ಕೆ ಚಕಾರ ಎತ್ತಿದ್ದಿಲ್ಲ.

ಆದರೆ ಲಿಂದಾನಿಯ ತಾಯಿ ಒಪ್ಪಬೇಕಲ್ಲ.

"ಅವನನ್ನ ಕೊಂದಿದ್ದೇ ಆ ಗಾಡಿ. ಮತ್ತೆ ಅದಕ್ಕೇ ಹತ್ತು ಅಂತ ಯಾವ ಬಾಯಲ್ಲಿ ಕರೀತೀಯ ಎಲ್ಫಾಸ್? ನೀನಾಗಿದ್ರೆ ಹತ್ತುತಿದ್ಯಾ?" ಎಂದು ಅವಳು ಮೈದುನನನ್ನು ಕೇಳಿದಳು.

"ಸತ್ತಿದ್ರೆ ಹತ್ತುತಿದ್ದೆ ಅತ್ತಿಗೆ. ಸತ್ತ ಮೇಲೆ ಇನ್ನೇನು ಭಯ" ಎಂದ ಎಲ್ಫಾಸ್.

"ಮನೆ ಹಿಂದೆ ಅವನ ಕಾರಿದೆ. ಅದರಲ್ಲಿ ಕರ್ಕೊಂಡ್ ಬನ್ನಿ. ಇಲ್ಲಾಂದ್ರೆ ನಾನು ನಡ್ಕೊಂಡೇ ಹೋಗಿ ಕರ್ಕೊಂಡ್ ಬರ್ತೀನಿ."

ಮಂಡಿ ಸವೆದ ಮುದುಕಿ ಮ್ಸಿಂಗಾದ ಘಾಟಿ ಇಳಿದು ಅವನು ಸತ್ತ ತಿರುವಿನವರೆಗೆ ನಡೆಯುವುದುಂಟೇ? ಆದರೂ ಈಕೆ ಹೊರಟರೆ ಹೊರಟವಳೇ ಎಂದು ಮಗಳು ಡೆಲಿಸಿಲೆಗೆ ಗೊತ್ತಿತ್ತು. ಅಣ್ಣ ಸತ್ತ ದಿನದಿಂದ ಅಮ್ಮ ಕಣ್ಣು ಮುಚ್ಚಿರಲಿಲ್ಲ. ಹಾಸಿಗೆಯ ಮೇಲೆ ಗೋಡೆಗೊರಗಿ ಕೂತು ಬಾಗಿಲನ್ನೇ ನೋಡುತ್ತಿದ್ದಳು. ಚಿಲಕ ಹಾಕಗೊಡುತ್ತಿರಲಿಲ್ಲ. ಕ್ಲಿನಿಕ್ಕಿನವರು ಕೊಟ್ಟ ನಿದ್ದೆ ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟುಕೊಂಡು, ಆಮೇಲೆ ಹೂಕುಂಡಕ್ಕೆ ಉಗಿಯುತ್ತಿದ್ದಳು. ಹುಡುಗ ಹೊರಗೆ ನಿಂತಿರುವಾಗ ನಾನು ಮಲಗುವುದು ಹೇಗೆ ಎಂಬುದೊಂದೇ ಮಾತು. ಕೆನ್ನೆ ಗುಳಿಬಿದ್ದು, ಲೋಟ ಹಿಡಿಯಲೂ ಆಗದಂತಾಗಿತ್ತು. ಹೀಗೇ ಬಿಟ್ಟರೆ ಮನೆಯಲ್ಲಿ ಇನ್ನೊಂದು ಹೆಣ ಬೀಳುವುದರಲ್ಲಿ ಡೆಲಿಸಿಲೆಗೆ ಸಂಶಯವಿರಲಿಲ್ಲ.

ಕಾರು ಇತ್ತು, ಸರಿ. ಹಳೆಯ ಕೆಂಪು ಟಾಝ್. ಆದರೆ ಅದರ ಇಂಜಿನ್ನನ್ನು ಕಚ್ಚಿ ಹಿಡಿದಿರಬೇಕಾದ ಮೌಂಟಿಂಗ್ ರಬ್ಬರುಗಳು ಬಿರುಕು ಬಿಟ್ಟು ಸಡಿಲವಾಗಿದ್ದವು. ಕ್ಲಚ್ ಬಿಟ್ಟ ಕೂಡಲೇ ಇಂಜಿನ್ ಮಲಗಿದ ಎತ್ತು ಎದ್ದಂತೆ ಎದ್ದು ಕುಕ್ಕರಿಸುತ್ತಿತ್ತು. ಗೇರು ಕಡ್ಡಿ ಕೈಯಿಂದ ಹಾರುತ್ತಿತ್ತು, ಹೊಗೆ ಕೊಳವೆ ಅಡಿಗೆ ಬಡಿಯುತ್ತಿತ್ತು. ಆ ಸ್ಥಿತಿಯಲ್ಲಿ ಅದನ್ನು ಘಾಟಿ ಹತ್ತಿಸಿದರೆ ಅರ್ಧ ದಾರಿಯಲ್ಲೇ ಏನಾದರೂ ಕಿತ್ತುಕೊಂಡು ಬರುವುದು ಖಂಡಿತ. ಹೊಸ ಮೌಂಟಿಂಗಿನ ಮಾತೆತ್ತುವಂತಿರಲಿಲ್ಲ. ಮಣ್ಣಿನ ಖರ್ಚೇ ಮನೆಯನ್ನು ಗುಡಿಸಿ ಹಾಕಿತ್ತು.

ಡೆಲಿಸಿಲೆ ಕೆಲಸ ಮಾಡುತ್ತಿದ್ದದ್ದು ಕಾರಿನ ಗಾಜು ಕೂರಿಸುವ ಅಂಗಡಿಯಲ್ಲಿ. ಮುಂಗಾಜನ್ನು ಅಂಟಿಸುವ ಕಪ್ಪು ಅಂಟು ಒಣಗಿದ ಮೇಲೆ ಗಟ್ಟಿ ರಬ್ಬರಾಗುತ್ತದೆ. ಟ್ಯೂಬಿನ ತಳದಲ್ಲಿ ಪ್ರತಿ ಸಲ ಬೆರಳೆರಡರಷ್ಟು ಉಳಿಯುತ್ತದೆ, ಅದು ಕಸಕ್ಕೆ ಹೋಗುತ್ತದೆ. ಮೌಂಟಿಂಗಿನ ರಬ್ಬರಿನ ನಡುವಿನ ಟೊಳ್ಳಿಗೆ ಈ ಅಂಟನ್ನು ತುಂಬಿದರೆ ಅದು ಹೊಸದಕ್ಕಿಂತ ಬಿಗಿ. ಈ ಉಪಾಯ ಲಿಂದಾನಿಯದೇ. ಸಾಯುವ ಮೊದಲು ತಂಗಿಯಿಂದ ಟ್ಯೂಬು ತರಿಸಿಕೊಂಡು ಅವನು ಮುಂದಿನ ಮೌಂಟಿಂಗನ್ನು ಆಗಲೇ ತುಂಬಿಸಿದ್ದ. ಅದು ಅಡುಗೆಮನೆಯ ಹಿಂದಿನ ಕಿಟಕಿಯ ಮೇಲೆ, ಪತ್ರಿಕೆಯಲ್ಲಿ ಸುತ್ತಿಕೊಂಡು ಒಣಗುತ್ತ ಕೂತಿತ್ತು.

ಡೆಲಿಸಿಲೆ ಪತ್ರಿಕೆ ಬಿಡಿಸಿದಳು. ಕಪ್ಪು ಅಂಟಿನ ನಡುವೆ ಒಂದು ಹೆಬ್ಬೆಟ್ಟಿನ ಗುರುತಿತ್ತು. ಒಣಗಿದೆಯೋ ಇಲ್ಲವೋ ಎಂದು ಅವನು ತಾಳಲಾರದೆ ಒತ್ತಿ ನೋಡಿದ್ದ. ಅವಳು ಅದರಲ್ಲಿ ತನ್ನ ಹೆಬ್ಬೆರಳಿಟ್ಟಳು. ಸರಿಯಾಗಿ ಕೂತಿತು. ಹಿತ್ತಲಿನಲ್ಲಿ ಯಾರೂ ಇಲ್ಲದ್ದರಿಂದ ಅವಳು ಸಾಕೆನಿಸುವಷ್ಟು ಅತ್ತಳು.

ಆಮೇಲೆ ಇಂಜಿನ್ನಿನ ಹಿಂಬದಿಯ ಮೌಂಟಿಂಗಿಗೆ ಕೈ ಹಾಕಿದಳು. ಇಂಜಿನ್ನಿನ ಅಡಿಗೆ ಮರದ ತುಂಡು ಕೊಟ್ಟು, ಜಾಕಿನಿಂದ ಚೂರು ಎತ್ತಿ, ಬೋಲ್ಟು ತೆಗೆದು ಮೌಂಟಿಂಗನ್ನು ಹೊರಗೆಳೆದಳು. ಸೀಮೆಎಣ್ಣೆಯಲ್ಲಿ ತಿಕ್ಕಿ ಜಿಡ್ಡು ತೆಗೆದು, ಪಾತ್ರೆ ತೊಳೆಯುವ ಸೋಪಿನಲ್ಲಿ ಮತ್ತೆ ತೊಳೆದು ಬಿಸಿಲಿಗಿಟ್ಟಳು. ಅಂಟು ಹಿಡಿಯಲೆಂದು ಒಳಗೋಡೆಯನ್ನು ಮರಳು ಕಾಗದದಲ್ಲಿ ಉಜ್ಜಿದಳು. ಒಂದು ಬದಿಗೆ ರಟ್ಟು ಕಟ್ಟಿ, ಇನ್ನೊಂದು ಬದಿಯಿಂದ ಅಂಟನ್ನು ಕಡ್ಡಿಯಲ್ಲಿ ಒತ್ತಿ ಒತ್ತಿ ತುಂಬತೊಡಗಿದಳು. ಒಂದು ಪದರ ತುಂಬಿ, ಅದು ಒಣಗಿದ ಮೇಲೆ ಮುಂದಿನದು.

ಎಲ್ಫಾಸ್ ಚಿಕ್ಕಪ್ಪ ಬಕೆಟ್ಟು ಬೋರಲು ಹಾಕಿಕೊಂಡು ಅದರ ಮೇಲೆ ಕೂತು ನೋಡುತ್ತಿದ್ದ. ದೊಡ್ಡ ಆಳು, ಬಕೆಟ್ಟು ಕಾಣಿಸುತ್ತಲೇ ಇರಲಿಲ್ಲ.

"ಒಂದೇ ಸಲ ತುಂಬಿಬಿಡು ಮಗಳೇ. ಪದರ ಪದರ ಹಾಕೋಕೆ ಇದೇನು ಮದುವೆ ಕೇಕಾ?"

"ಮೇಲೆ ಒಣಗಿ ಒಳಗೆ ಹಸಿ ಉಳ್ಕೊಂಡ್ರೆ ಘಾಟಿಯಲ್ಲಿ ಕೈಕೊಡತ್ತೆ ಚಿಕ್ಕಪ್ಪ. ಆಮೇಲೆ ಅಣ್ಣನ ಜೊತೆ ನೀವೂ ಅಲ್ಲೇ ನಿಂತ್ಕೋಬೇಕಾಗತ್ತೆ. ನಿಮ್ಮನ್ನ ಕರೆಯೋಕೆ ಯಾರು ಬರ್ತಾರೆ?"

"ಅದಕ್ಕೇ ಅನ್ನೋದು, ಗಾಜಂಗಡಿ ಹುಡುಗಿ ಹತ್ರ ಬಾಯಿ ಕೊಡಬಾರದು" ಎಂದ ಚಿಕ್ಕಪ್ಪ.

ಎರಡನ್ನೂ ಕೂರಿಸಿ ಗಾಡಿ ಶುರು ಮಾಡಿದಾಗ ಇಂಜಿನ್ ಅಲ್ಲಾಡಲಿಲ್ಲ. ಗೇರು ಕಡ್ಡಿ ಇಟ್ಟಲ್ಲೇ ನಿಂತಿತು. ಆದರೆ ಇಂಜಿನ್ನಿಗೆ ಅಲ್ಲಾಡಲು ಜಾಗ ಇಲ್ಲವೆಂದರೆ ಅದು ತನ್ನ ನಡುಕವನ್ನೆಲ್ಲ ಕಾರಿನ ಮೈಗೇ ಕೊಡುತ್ತದೆ. ಸ್ಟಿಯರಿಂಗ್ ಕೈಯಲ್ಲಿ ಗುಂಯ್ಗುಟ್ಟಿತು. ಹಿಂದೆ ನೋಡುವ ಕನ್ನಡಿ ನಡುಗಿ ಅದರೊಳಗಿನ ಹಿತ್ತಲು, ಬಟ್ಟೆ ಒಣಹಾಕಿದ ತಂತಿ, ಎಲ್ಲ ಕಲಸಿಹೋದವು. ಎಲ್ಲಕ್ಕಿಂತ ಜೋರಾಗಿ ಸದ್ದು ಮಾಡಿದ್ದು ಪಕ್ಕದ ಸೀಟು. ಅದರ ಅಡಿಯ ಕಂಬಿ ಸವೆದಿತ್ತು. ಗಾಡಿ ನಿಂತು ಇಂಜಿನ್ ಓಡುತ್ತಿರುವಾಗ ಖಾಲಿ ಸೀಟು ಕಟಕಟನೆ ಹಲ್ಲು ಕಡಿಯುತ್ತಿತ್ತು.

ಮೆಕ್ಕೆಜೋಳದ ಹಿಟ್ಟಿನ ಚೀಲ ತಂದಿಟ್ಟರೂ ಕಟಕಟ ನಿಲ್ಲಲಿಲ್ಲ. ಗಾಡಿಯ ಸದ್ದಿಗೆ ಅಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಬಾಗಿಲು ತೆಗೆದು ಆ ಸೀಟಿನಲ್ಲಿ ಕೂತು, ಮಗನ ಕಾರಿನ ಮೈಮೇಲೆ ಅಂಗೈಯಿಟ್ಟಳು. ಅವಳು ಕೂತಾಗಲೂ ಸೀಟು ಮೆಲ್ಲಗೆ ನಡುಗುತ್ತಲೇ ಇತ್ತು. ಲಿಂದಾನಿಯದೂ ಅಮ್ಮನದೇ ಮೈಕಟ್ಟು: ಮೂಳೆ, ಚರ್ಮ, ಮೇಲಿಷ್ಟು ಹಟ. ಆಮೇಲೆ ಚಿಕ್ಕಪ್ಪ ಕೂತ. ಕಾರು ಎಡಕ್ಕೆ ಕುಸಿಯಿತು, ಸೀಟು ಬಾಯಿ ಮುಚ್ಚಿತು.

"ನೋಡಿದ್ರಾ? ರಿಪೇರಿ ಅಂದ್ರೆ ಇದು" ಎಂದು ಚಿಕ್ಕಪ್ಪ ಎದೆ ಉಬ್ಬಿಸಿದ.

ಮಾರನೆಯ ಬೆಳಿಗ್ಗೆ ಮಂಜಿನಲ್ಲೇ ಹೊರಟರು. ಡೆಲಿಸಿಲೆಯ ಕೈಯಲ್ಲಿ ಗಾಡಿ, ಹಿಂದಿನ ಸೀಟಿನಲ್ಲಿ ಟೊಂಗೆ ಹಿಡಿದ ಚಿಕ್ಕಪ್ಪ. ಮುಂದಿನ ಎಡಗಡೆಯ ಸೀಟು ಲಿಂದಾನಿಗೆ. ಅವನ ಕಾರಿನಲ್ಲಿ ಅವನನ್ನೇ ಹಿಂದೆ ಕೂರಿಸುವುದು ಮರ್ಯಾದೆಯಲ್ಲ ಎಂದು ಚಿಕ್ಕಪ್ಪ ತೀರ್ಮಾನಿಸಿದ್ದ. ನೀಲಗಿರಿ ತೋಪುಗಳು ಮುಗಿದು ಘಾಟಿ ಇಳಿಯುತ್ತಿದ್ದಂತೆ ಮಂಜು ಹರಿಯಿತು, ಸೆಕೆ ಶುರುವಾಯಿತು. ಕೆಂಪು ನೆಲ, ಮುಳ್ಳುಗಿಡ, ರಸ್ತೆಯನ್ನು ತಮ್ಮಪ್ಪನದೆಂದುಕೊಂಡು ನಿಂತ ಆಡುಗಳು. ಮ್ಪೊಫಾನಾ ನದಿಯ ಸೇತುವೆ ದಾಟಿ ಮುಂದಕ್ಕೆ ಹೋದರು. ಅಷ್ಟು ದೂರವೂ ಖಾಲಿ ಸೀಟು ಒಂದೇ ಸಮನೆ ಕಟಗುಟ್ಟಿತು. ಚಿಕ್ಕಪ್ಪ ತಲೆನೋವೆಂದು ಹಣೆಗೆ ಕರವಸ್ತ್ರ ಕಟ್ಟಿಕೊಂಡ.

ಆ ತಿರುವು ಕುಖ್ಯಾತವಾದದ್ದೇ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಬಾಗಿದ ತಡೆಗಂಬಿ, ಅದರಾಚೆ ಹಳ್ಳ. ಗಾಜಿನ ಪುಡಿ ಇನ್ನೂ ಹೊಳೆಯುತ್ತಿತ್ತು. ಹಳೆಯ ಹೊಸ ಶಿಲುಬೆಗಳು ಹುಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು. ಡೆಲಿಸಿಲೆ ಗಾಡಿ ನಿಲ್ಲಿಸಿ, ಎಡಗಡೆಯ ಬಾಗಿಲು ತೆರೆದು ಹಿಡಿದು ನಿಂತಳು. ಚಿಕ್ಕಪ್ಪ ಕರವಸ್ತ್ರ ಬಿಚ್ಚಿ, ಅಂಗಿಯ ಗುಂಡಿ ಹಾಕಿಕೊಂಡು, ಟೊಂಗೆಯನ್ನು ಮುಂದೆ ಚಾಚಿದ.

"ಮಾಂಜಿನಿ. ಗ್ವಾಬಿನಿ. ಸೆಂಗ್ವಾಯೊ" ಎಂದು ಶುರುಮಾಡಿದ. ತಮ್ಮ ಜುಂಗು ಕುಲದ ಒಂದೊಂದು ಬಿರುದನ್ನೂ ಬಿಡದೆ, ತಾತ ಮುತ್ತಾತರ ಕಾಲದವನ್ನೂ ಹೆಕ್ಕಿ ತೆಗೆದು, ಗಂಟಲು ತುಂಬಿ ಕರೆದ. ಇಂಥದ್ದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹಳ್ಳದಾಚೆಯ ಬಂಡೆ ಅವನ ದನಿಯನ್ನು ಹಿಂದಿರುಗಿಸಿತು. ಮಾತು ಮುಗಿಯುವ ಹೊತ್ತಿಗೆ ಜೀರುಂಡೆಗಳೂ ನಿಂತಿದ್ದವು. "ನಮ್ಮ ಮನೆ ಮಗನೇ, ಮಣ್ಣಲ್ಲಿ ನಿಂತಿದ್ದು ಸಾಕು. ಬಂದು ಗಾಡಿ ಹತ್ತು."

ಗಾಳಿ ಬೀಸಲಿಲ್ಲ, ಎಲೆ ಅಲುಗಲಿಲ್ಲ. ಡೆಲಿಸಿಲೆ ಒಂದು ಗಳಿಗೆ ಕಾದು ಬಾಗಿಲು ಹಾಕಿದಳು. ಹಾಕುವ ಮೊದಲು, ಹಿರಿಯರು ಹೇಳಿದಂತೆ, ಖಾಲಿ ಸೀಟಿಗೆ ಬೆಲ್ಟನ್ನೂ ಎಳೆದು ಸಿಕ್ಕಿಸಿದಳು. ಅದು ಸೀಟಿನ ಬೆನ್ನಿಗೆ ಅಂಟಿಕೊಂಡು ನಿಂತಿತು. ಆಮೇಲೆ ಸುತ್ತಿ ಬಂದು ಕೂತು, ಗಾಡಿ ಶುರು ಮಾಡಿದಳು.

ಸೀಟು ನಡುಗಲಿಲ್ಲ.

ಅವಳಿಗೆ ಉಕ್ಕಿದ್ದು ಸಂತೋಷ, ಬರೀ ಸಂತೋಷ. ಬಂದ, ಅಣ್ಣ ಬಂದ ಎಂದು ಕಿರುಚಬೇಕೆನಿಸಿತು. ಕಣ್ಣು ಮಂಜಾಗಿ ರಸ್ತೆ ಕಾಣದೆ ಅಣ್ಣನಿಂದ ಬೈಸಿಕೊಳ್ಳಬಾರದೆಂದು ತೋಳಿನಿಂದ ಒರೆಸಿಕೊಂಡಳು. ಅಮ್ಮ ಇವತ್ತು ಮಲಗುತ್ತಾಳೆ ಎಂದುಕೊಂಡಳು.

"ಮಾಂಜಿನಿ, ತಿರುವು ದಾಟಿದ್ವಿ. ಇಲ್ಲೊಂದು ಗುಂಡಿ ಇದೆ, ಭದ್ರವಾಗಿ ಕೂತ್ಕೊ" ಎಂದು ಹಿಂದಿನಿಂದ ಚಿಕ್ಕಪ್ಪ ಶುರುಮಾಡಿದ. "ಮಾಂಜಿನಿ, ನದಿ ಬಂತು. ಸೇತುವೆ ಮೇಲಿದೀವಿ."

ಸೇತುವೆ ದಾಟಿದ ಮೇಲೆ ರಸ್ತೆ ರಿಪೇರಿಯವರು ಕೆಂಪು ಬಾವುಟ ಹಿಡಿದು ನಿಲ್ಲಿಸಿದರು. ಎದುರಿನ ಗಾಡಿಗಳು ಬರುವವರೆಗೆ ಕಾಯಬೇಕು. ಟಾಝ್ ನಿಂತಿದ್ದರೂ ಇಂಜಿನ್ ಓಡುತ್ತಿತ್ತು. ಸ್ಟಿಯರಿಂಗ್ ಗುಂಯ್ಗುಟ್ಟಿತು, ಬಾಗಿಲುಗಳು ಗದಗುಟ್ಟಿದವು, ಕನ್ನಡಿಯಲ್ಲಿ ಚಿಕ್ಕಪ್ಪನ ಮುಖ ಕಲಸಿದ ಹಿಟ್ಟಾಗಿತ್ತು. ಪಕ್ಕದ ಸೀಟು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಡೆಲಿಸಿಲೆ ಅದರ ಕಡೆಗೇ ಕಿವಿಯಿಟ್ಟಳು. ಅಮ್ಮ ಕೂತಾಗಲೂ ನಡುಗಿದ ಸೀಟು ಅದು. ಲಿಂದಾನಿಯೇನು ಅಮ್ಮನಿಗಿಂತ ಭಾರವೇ?

ಬಾವುಟ ಇಳಿಯಿತು. ಬೆಳಿಗ್ಗೆ ಮೂರನೇ ಗೇರಿನಲ್ಲಿ ಸಲೀಸಾಗಿ ಇಳಿದಿದ್ದ ಗಾಡಿ ಈಗ ಘಾಟಿ ಹತ್ತುವಾಗ ಎರಡಕ್ಕೆ ಇಳಿಸಿದರೂ ಏದುಸಿರು ಬಿಟ್ಟಿತು. ಏರು ಎಂದರೆ ಏರೇ, ಗಾಡಿ ಹಳೆಯದು ಎಂದು ಅವಳು ಸಮಾಧಾನ ಹೇಳಿಕೊಂಡಳು. ಬಲ ತಿರುವುಗಳಲ್ಲಿ ಕಾರು ಪಕ್ಕದ ಸೀಟಿನ ಮೂಲೆಗೆ ಕುಸಿಯುತ್ತಿತ್ತು. ನೋಡಬಾರದು ಎಂದುಕೊಳ್ಳುತ್ತಲೇ ಅವಳು ಓರೆಗಣ್ಣಿನಲ್ಲಿ ನೋಡಿದಳು. ಸೀಟು ಖಾಲಿ. ಆದರೆ ಸೀಟಿನ ಬೆನ್ನಿಗೆ ಅಂಟಿಕೊಂಡಿದ್ದ ಬೆಲ್ಟು ಈಗ ಅಲ್ಲಿಂದ ಒಂದು ಗೇಣು ಮುಂದೆ, ಗಾಳಿಯಲ್ಲಿ ಬಿಗಿಯಾಗಿ ನಿಂತಿತ್ತು. ಒಂದು ದೊಡ್ಡ ಹೊಟ್ಟೆಯನ್ನು ಬಳಸಿ ಹೋಗುವಂತೆ ಉಬ್ಬಿ ನಿಂತಿತ್ತು. ಅದು ಮೆಲ್ಲಗೆ ಏರುತ್ತಿತ್ತು, ಇಳಿಯುತ್ತಿತ್ತು.

"ಚಿಕ್ಕಪ್ಪ. ಬೆಲ್ಟ್ ನೋಡಿ."

ಟೊಂಗೆ ಹಿಡಿದವನು ಅವಳಿಗೆ ಉತ್ತರ ಕೊಡುವಂತಿರಲಿಲ್ಲ. ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡು ಮುಂದಿನ ಸೀಟಿಗೆ ಹೇಳಿದ: "ಮಾಂಜಿನಿ, ನಿನ್ನ ತಂಗಿಗೆ ಕಣ್ಣು ರಸ್ತೆ ಮೇಲಿಡು ಅಂತ ನೀನೇ ಹೇಳಪ್ಪ."

ಅವನು ಹೇಳಿಬಿಟ್ಟರೆ ಏನು ಗತಿ ಎನಿಸಿತು ಡೆಲಿಸಿಲೆಗೆ. ಯಾರ ದನಿ ಬರುತ್ತದೋ ಯಾರು ಬಲ್ಲರು? ಮನೆಯವರೆಗೂ ಅವಳು ಎಡಕ್ಕೆ ತಿರುಗಲಿಲ್ಲ. ಗೇರು ಬದಲಿಸಲು ಕೈ ಚಾಚಬೇಕಾದಾಗಲೆಲ್ಲ ಮೊಣಕೈಯನ್ನು ಮೈಗೆ ಒತ್ತಿ ಹಿಡಿದು ಬದಲಿಸಿದಳು.

ಅಮ್ಮ ಗೇಟಿನ ಹೊರಗೇ ನಿಂತಿದ್ದಳು. ತಲೆಗೆ ಹೊಸ ಬಟ್ಟೆ ಕಟ್ಟಿದ್ದಳು, ಮೈಮೇಲೆ ಹಬ್ಬದ ಹೊದಿಕೆ. ಒಳಗಿನಿಂದ ಆಡಿನ ಮಾಂಸ ಬೇಯುವ ವಾಸನೆ ಬರುತ್ತಿತ್ತು. ಚಿಕ್ಕಪ್ಪ ಟೊಂಗೆಯೊಡನೆ ಇಳಿದು, "ಮಾಂಜಿನಿ, ಮನೆ ಬಂತು, ಇಳಿ" ಎಂದ. ಡೆಲಿಸಿಲೆ ಬೇಕೆಂದೇ ಇಂಜಿನ್ ಆರಿಸಿರಲಿಲ್ಲ. ಸೀಟು ಕಟಗುಟ್ಟಲಿಲ್ಲ. ಯಾರೂ ಇಳಿದಿರಲಿಲ್ಲ.

ಅಮ್ಮ ಕಿಟಕಿಯ ಬಳಿ ಬಂದಳು. ಮುಖದಲ್ಲಿ ಎಷ್ಟೋ ದಿನದಿಂದ ಇಲ್ಲದ ಕಳೆ ಇತ್ತು. ಬಗ್ಗಿ ಒಳಗೆ ನೋಡಿದಳು. ಕಿಟಕಿಯಿಂದ ಕೈ ಹಾಕಿ, ಏನನ್ನೋ ಮುಟ್ಟಿದವಳಂತೆ ಗಾಳಿಯಲ್ಲೇ ತಡೆದು ನಿಲ್ಲಿಸಿದಳು. ಕಳೆ ಇಳಿದುಹೋಯಿತು. ಅವಳು ಸರಕ್ಕನೆ ಕೈ ಹಿಂದೆಳೆದುಕೊಳ್ಳಲಿಲ್ಲ. ಮೆಲ್ಲಗೆ, ಅತಿಥಿಯ ಮುಂದೆ ತೆಗೆಯುವ ಹಾಗೆ ತೆಗೆದಳು.

"ಎಲ್ಫಾಸ್, ಟೊಂಗೆ ಒಳಗೆ ತಗೊಂಡ್ ಹೋಗ್ಬೇಡ. ಇವನು ನಮ್ಮವನಲ್ಲ."

ಕೆಲಸ ಮುಗಿಯಿತೆಂದು ಚಿಕ್ಕಪ್ಪನಿಗೆ ಬಾಯಿ ಬಂತು. "ನಮ್ಮವನಲ್ದೆ ಇನ್ಯಾರು ಅತ್ತಿಗೆ? ಒಂದು ಬಿರುದು ಬಿಟ್ಟಿಲ್ಲ ನಾನು. ಕೇಳಿ ಬೇಕಾದ್ರೆ ಇವಳನ್ನ."

"ಬಿರುದು ಎಲ್ಲಾ ಹೇಳಿದೆ. ಹುಡುಗನ ಹೆಸರು ಹೇಳಿದ್ಯಾ?"

ಚಿಕ್ಕಪ್ಪ ಟೊಂಗೆಯ ಮುಳ್ಳನ್ನು ನೋಡತೊಡಗಿದ. "ಅವನೀಗ ಹಿರಿಯರ ಸಾಲಿಗೆ ಸೇರಿದವನು ಅತ್ತಿಗೆ. ದನ ಕಾಯೋ ಹುಡುಗನ್ನ ಕೂಗ್ದಂಗೆ ಹೆಸರು ಹಿಡ್ದು ಕೂಗಿದ್ರೆ ಮರ್ಯಾದೆ ಇರುತ್ತಾ ಅಂತ..."

"ಮರ್ಯಾದೆಯಂತೆ. ಆ ತಿರುವಲ್ಲಿ ಸತ್ತ ಜುಂಗು ನನ್ನ ಮಗ ಒಬ್ಬನೇ ಅಂದ್ಕೊಂಡ್ಯಾ? ಎಷ್ಟು ವರ್ಷದಿಂದ ನಿಂತಿದ್ನೋ ಪಾಪ, ಯಾರೂ ಕರೀದೆ. ಮಾಂಜಿನಿ ಅಂತ ಕೇಳ್ತಿದ್ದ ಹಾಗೆ ಓಡಿ ಬಂದು ಹತ್ತಿದಾನೆ. ನಮ್ಮವನು ಹಿಂದೆ ನಿಂತು ನೋಡ್ತಾ ಇದ್ನೇನೋ."

ಈ ಕೊನೆಯ ಮಾತು ಡೆಲಿಸಿಲೆಯ ಕಣ್ಣಿಗೆ ಕಟ್ಟಿತು. ಅಣ್ಣ ಅಲ್ಲಿ ನಿಂತೇ ಇದ್ದ. ತನ್ನ ಕಾರು, ತನ್ನ ತಂಗಿ, ತನ್ನ ಚಿಕ್ಕಪ್ಪ. ಕಣ್ಣೆದುರಿಗೇ ಇನ್ನೊಬ್ಬನನ್ನು ಹತ್ತಿಸಿಕೊಂಡು, ಬೆಲ್ಟು ಕಟ್ಟಿ, ಹೊರಟುಹೋದರು. ಅವನು ಕೂಗಿರಬಹುದು, ಗಾಡಿಯ ಹಿಂದೆ ಓಡಿರಬಹುದು. ಅವಳು ಸ್ಟಿಯರಿಂಗಿನ ಮೇಲೆ ಹಣೆಯಿಟ್ಟುಕೊಂಡಳು.

"ಇವನನ್ನ ಏನ್ಮಾಡೋದಮ್ಮ? ವಾಪಸ್ ಬಿಟ್ಟು ಬರ್ಲಾ?"

"ಕರೆದವರನ್ನ ವಾಪಸ್ ಬಿಡೋದಾ? ಇವನನ್ನೂ ಒಬ್ಬಳು ಹೆತ್ತಿದಾಳೆ." ಅಮ್ಮ ಟೊಂಗೆಯನ್ನು ಮೈದುನನ ಕೈಯಿಂದ ಕಿತ್ತುಕೊಂಡು, ಅದನ್ನು ಮುಂದಿನ ಸೀಟಿನ ಮೇಲೆ, ಮಡಿಲಿಗೆ ಕೊಟ್ಟಂತೆ ಇಟ್ಟಳು. "ಮನೆಯೊಳಗೆ ನಮ್ಮ ಹಿರಿಯರ ಜಾಗದಲ್ಲಿ ಕೂರ್ಸೋ ಹಾಗಿಲ್ಲ, ಇವನ ಮನೆ ಯಾವುದೋ ಗೊತ್ತಿಲ್ಲ. ಊರೂರಿನ ಜುಂಗುಗಳನ್ನ ಕೇಳೋಣ, ಅವನ ಕಡೆಯವರು ಸಿಗೋವರೆಗೂ ಗಾಡಿಯಲ್ಲೇ ಇರ್ಲಿ." ಆಮೇಲೆ ಕಿಟಕಿಗೆ ಬಗ್ಗಿ, ದನಿ ತಗ್ಗಿಸಿ, "ಬೇಜಾರು ಮಾಡ್ಕೋಬೇಡಪ್ಪ. ಊಟ ಕಳಿಸ್ತೀನಿ" ಎಂದಳು.

ಕಳಿಸಿದಳು ಕೂಡ. ಮಗನಿಗೆಂದು ಬೇಯಿಸಿದ ಮಾಂಸವನ್ನೂ ಒಂದು ಬಟ್ಟಲು ಜೋಳದ ಬಿಯರನ್ನೂ ತಟ್ಟೆಯಲ್ಲಿಟ್ಟು ಕಾರಿನ ಮುಂಭಾಗದ ಮೇಲೆ ಇಡಿಸಿದಳು. ಚಿಕ್ಕಪ್ಪ ಹತ್ತಿರ ಸುಳಿಯಲಿಲ್ಲವಾದ್ದರಿಂದ ಅದನ್ನು ಇಟ್ಟವಳು ಡೆಲಿಸಿಲೆ. ಬೆಳಿಗ್ಗೆ ನೋಡಿದಾಗ ಮಾಂಸ ಹಾಗೇ ಇತ್ತು, ನೊಣ ಕೂಡ ಕೂತಿರಲಿಲ್ಲ. ರುಚಿ ಉಳಿದಿದೆಯೋ ಎಂದು ಬಾಯಿಗಿಟ್ಟು ನೋಡಲು ಅವಳಿಗೆ ಧೈರ್ಯ ಬರಲಿಲ್ಲ. ಅಮ್ಮ ಆ ರಾತ್ರಿಯೂ ಮಲಗಿರಲಿಲ್ಲ.

ಎರಡನೇ ಸಲ ಚಿಕ್ಕಪ್ಪ ಬರಲಿಲ್ಲ. ಸೊಂಟ ಹಿಡಿದಿದೆ ಎಂದು ಹೇಳಿಕಳಿಸಿದ. ಅಮ್ಮ ಹೊಸ ಟೊಂಗೆ ಮುರಿಸಿಕೊಂಡು ತಾನೇ ಹೊರಟಳು. ಮಂಡಿ ಹಿಡಿದುಕೊಂಡು ಹಿಂದಿನ ಸೀಟಿನಲ್ಲಿ ಬಲಕ್ಕೆ ಸರಿದು ಕೂತು, ಎಡಕ್ಕೆ ಜಾಗ ಬಿಟ್ಟಳು.

"ಅಮ್ಮ, ಅಣ್ಣ ಯಾವತ್ತಾದ್ರೂ ಹಿಂದೆ ಕೂತಿದಾನಾ? ಇವರನ್ನ ಹಿಂದಕ್ಕೆ ಬನ್ನಿ ಅಂತ ಕೇಳೋಣ್ವಾ?"

"ಕೂತವರನ್ನ ಏಳಿಸಬಾರದು. ಅವನು ನನ್ನ ಪಕ್ಕ ಕೂತ್ಕೊಳ್ಲಿ."

ಮಂಜು, ತೋಪು, ಘಾಟಿ, ಆಡುಗಳು. ಮುಂದಿನ ಸೀಟು ದಾರಿಯುದ್ದಕ್ಕೂ ಮೌನವಾಗಿತ್ತು, ಬೆಲ್ಟು ಏರಿ ಇಳಿಯುತ್ತಿತ್ತು. ಡೆಲಿಸಿಲೆಗೆ ಅಭ್ಯಾಸವಾಗಲಿಲ್ಲ. ಬೆವರು ಬೆನ್ನಿಗಿಳಿಯುತ್ತಿದ್ದರೂ ಎಡಗಡೆಯ ಕಿಟಕಿ ಇಳಿಸಲು ಅವನ ಮುಂದೆ ಕೈ ಚಾಚಬೇಕಲ್ಲ ಎಂದು ಹಾಗೇ ಓಡಿಸಿದಳು. ಅಮ್ಮ ಮಾತ್ರ ಆಗಾಗ ಅವನಿಗೆ ದಾರಿ ಹೇಳುತ್ತಿದ್ದಳು, ನೆರೆಮನೆಯವನಿಗೆ ಹೇಳಿದಷ್ಟು ಸಲೀಸಾಗಿ.

ತಿರುವಿನಲ್ಲಿ ಅಮ್ಮ ಇಳಿದು ತಡೆಗಂಬಿ ಹಿಡಿದು ನಿಂತಳು. ಬಿರುದುಗಳ ಗೊಡವೆಗೆ ಹೋಗಲಿಲ್ಲ. ಅಡುಗೆಮನೆಯ ಬಾಗಿಲಿನಿಂದ ಬೀದಿಗೆ ಕೂಗುತ್ತಿದ್ದ ಹಾಗೆ ಕೂಗಿದಳು.

"ಲಿಂದಾನೀ. ಬಾರೋ ಸಾಕು. ಊಟ ಆರ್ತಾ ಇದೆ."

ಅಷ್ಟೇ. ಆ ಮೇಲೆ ತಿರುಗಿ ಬಂದು, ಎಡಗಡೆಯ ಹಿಂಬಾಗಿಲನ್ನು ತೆರೆದು ಕೊಂಚ ಹೊತ್ತು ಹಿಡಿದುಕೊಂಡು, ಹಾಕಿ, ತನ್ನ ಕಡೆಯಿಂದ ಹತ್ತಿ ಕೂತಳು.

ಹಿಂದಿನ ಸೀಟು ಯಾವತ್ತೂ ಕಟಗುಟ್ಟಿದ್ದಲ್ಲ. ಆದ್ದರಿಂದ ಅಣ್ಣ ಬಂದನೋ ಇಲ್ಲವೋ ಎಂದು ಡೆಲಿಸಿಲೆಗೆ ತಿಳಿಯುವ ದಾರಿಯಿರಲಿಲ್ಲ. ಅಮ್ಮನನ್ನು ಕೇಳಿ ಫಲವಿಲ್ಲ, ಟೊಂಗೆ ಅವಳ ಕೈಯಲ್ಲಿದೆ. ಕನ್ನಡಿಯಲ್ಲಿ ನೋಡಿದರೆ ಹಿಂದಿನದೆಲ್ಲ ನಡುಗಿ ಕಲಸಿಹೋಗಿತ್ತು. ಕಪ್ಪಗೆ ಏನೋ ಇತ್ತು, ಅದು ಒಬ್ಬರೋ ಇಬ್ಬರೋ ಹೇಳುವಂತಿರಲಿಲ್ಲ. ಮೊದಲಿಗೆ ಅಮ್ಮನ ದನಿ ಕೇಳುತ್ತಿತ್ತು. "ಎಷ್ಟು ಸೊರಗಿದೀಯೋ. ಕಾಲು ಒಳಗಿಟ್ಕೊ." ಸ್ವಲ್ಪ ಹೊತ್ತು ಬಿಟ್ಟು, "ಮುಂದೆ ಕೂತವರು ನಮ್ಮ ನೆಂಟರು. ಜಗಳ ತೆಗೀಬೇಡ." ಆಮೇಲೆ ಒಂದೆರಡು ಮಾತು ಕೇಳಿಸದಷ್ಟು ಮೆಲ್ಲಗೆ. ಆಮೇಲೆ ಅದೂ ಇಲ್ಲ.

ಡೆಲಿಸಿಲೆ ಕಿವಿ ನಿಮಿರಿಸಿದಳು. ಮುಂದೆ ಇಳಿಜಾರಿನ ಕೊನೆಗೆ ಮ್ಪೊಫಾನಾ ನೀರು ಹೊಳೆಯುತ್ತಿತ್ತು. ನದಿ ಬಂತೆಂದು ಹೇಳದೆ ಸೇತುವೆ ಹತ್ತಿದರೆ ಅಣ್ಣ ಈಚೆಗೇ ಉಳಿಯುತ್ತಾನೆ.

"ಅಮ್ಮ, ನದಿ ಬಂತು. ಹೇಳು."

ಅಮ್ಮ ನದಿಯ ಮಾತೆತ್ತಲಿಲ್ಲ. ದಣಿದ ಜೀವ, ನಿದ್ದೆಯಿಲ್ಲದೆ ಒಣಗಿದ ಎದೆ, ಈ ಬಿಸಿಲು, ಈ ಪ್ರಯಾಣ. ಡೆಲಿಸಿಲೆಗೆ ಏನು ಹೊಳೆಯಬಾರದೋ ಅದೇ ಹೊಳೆಯಿತು. ಹಿಂದೆ ತಿರುಗುವಂತಿಲ್ಲ, ರಸ್ತೆ ಕಡಿದು. ಆಕ್ಸಿಲರೇಟರಿನಿಂದ ಕಾಲು ತೆಗೆದು ಗಾಡಿಯನ್ನು ನ್ಯೂಟ್ರಲಿಗೆ ಹಾಕಿ ಕೀಲಿ ತಿರುಗಿಸಿ ಇಂಜಿನ್ ಆರಿಸಿದಳು. ಟಾಝ್ ಸದ್ದಿಲ್ಲದೆ ಇಳಿಜಾರಿನಲ್ಲಿ ಉರುಳತೊಡಗಿತು. ನಡುಕ ನಿಂತಿತು. ಕನ್ನಡಿ ತಿಳಿಯಾಯಿತು.

ಅಮ್ಮ ಮಲಗಿದ್ದಳು. ಬಾಯಿ ಚೂರು ತೆರೆದಿತ್ತು, ಉಸಿರು ನಿಧಾನವಾಗಿ ಆಡುತ್ತಿತ್ತು. ಅವಳ ತಲೆ ಎಡಕ್ಕೆ ವಾಲಿತ್ತು. ಅಲ್ಲಿ ಸೀಟಿನ ಬೆನ್ನಿರಲಿಲ್ಲ, ಕಿಟಕಿಯಿರಲಿಲ್ಲ, ಏನೂ ಇರಲಿಲ್ಲ. ಆದರೂ ತಲೆ ಬೀಳದೆ ನಿಂತಿತ್ತು, ಕೆನ್ನೆ ಒಂದು ಕಡೆ ಚಪ್ಪಟೆಯಾಗಿ ಒತ್ತಿಕೊಂಡಿತ್ತು. ಗುಂಡಿ ಬಂದಾಗ ಅವಳ ತಲೆಯನ್ನು ಯಾರೋ ಜೋಪಾನವಾಗಿ ಎತ್ತಿ ಇಳಿಸಿದಂತಾಯಿತು. ಟೊಂಗೆ ಮಡಿಲಿನಿಂದ ಜಾರಿ ಕೆಳಗೆ ಬಿದ್ದಿತ್ತು.

ಡೆಲಿಸಿಲೆ ನೋಡಬಹುದಾದಷ್ಟು ಹೊತ್ತು ನೋಡಿದಳು. ಸೇತುವೆಯ ಕಂಬಿಗಳು ಎದುರಿಗೆ ಬಂದವು. ಹೇಳುವವರು ಇನ್ನು ಯಾರೂ ಉಳಿದಿರಲಿಲ್ಲ. ಅಣ್ಣ ಸತ್ತ ಮೇಲೆ ಅವನೊಡನೆ ಅವಳು ಆಡಿದ ಮೊದಲ ಮಾತು ಇದು.

"ಲಿಂದಾನಿ ಅಣ್ಣ, ನದಿ ಬಂತು, ದಾಟ್ತಾ ಇದೀವಿ. ಮನೆವರೆಗೂ ನಾನು ಹೇಳ್ತೀನಿ. ನೀನು ಅಲ್ಲಾಡಬೇಡ, ಅಮ್ಮ ಮಲಗಿದಾಳೆ."